ಮೊದಲು ಕೋಣೆ, ಆಮೇಲೆ ಪರದೆ

‘ಕಾಂತಾರ’ದ ಕೊನೆಯ ಭಾಗವನ್ನು ಮನೆಯಲ್ಲಿ ನೋಡುವವರ ಕೈಯಲ್ಲಿ ರಿಮೋಟ್ ಇದ್ದೇ ಇರುತ್ತದೆ. ಮೆಲುಮಾತು ಬಂದಾಗ ಸದ್ದು ಏರಿಸಬೇಕು, ದೈವದ ಕೂಗು ಬಂದ ಕೂಡಲೇ ಇಳಿಸಬೇಕು. ಇಳಿಸದಿದ್ದರೆ ಮಹಡಿಯಲ್ಲಿ ಮಲಗಿದ ಅಜ್ಜಿಗೆ ಎಚ್ಚರವಾಗುತ್ತದೆ, ಪಕ್ಕದ ಮನೆಯ ಕಿಟಕಿಯಲ್ಲಿ ದೀಪ ಹತ್ತಿಕೊಳ್ಳುತ್ತದೆ. 2022ರಲ್ಲಿ ಅದೇ ಚಿತ್ರವನ್ನು ಚಿತ್ರಮಂದಿರದಲ್ಲಿ ನೋಡಿದವರಿಗೆ ಈ ಪರದಾಟ ಇರಲಿಲ್ಲ. ಅಲ್ಲಿನ ಸ್ಪೀಕರುಗಳು ದೊಡ್ಡವು ಎನ್ನುವುದು ಅರ್ಧ ಕಾರಣ ಮಾತ್ರ. ಅಲ್ಲಿ ರಸ್ತೆಯ ಆಟೊ, ಅಡುಗೆಮನೆಯ ಮಿಕ್ಸಿ, ತಲೆಯ ಮೇಲಿನ ಫ್ಯಾನು ಯಾವುದರ ಸದ್ದೂ ಇರಲಿಲ್ಲ. ಒಳಗಿನ ಅಬ್ಬರ ಹೊರಗೂ ಹೋಗುತ್ತಿರಲಿಲ್ಲ.

ಸದ್ದು ತಡೆಯುವುದೆಂದರೆ ನೆರೆಯವರಿಗೆ ಮಾಡುವ ಉಪಕಾರ ಎಂದೇ ಬಹಳ ಮಂದಿ ತಿಳಿದಿದ್ದಾರೆ. ಅದು ನೋಡುವವರ ಜೇಬಿಗೂ ಲಾಭ. ಡೆಸಿಬೆಲ್ ಲೆಕ್ಕದಲ್ಲಿ ಪ್ರತಿ 10 ಅಂಕಿಗೆ ಶಕ್ತಿ ಹತ್ತು ಪಟ್ಟು ಬದಲಾಗುತ್ತದೆ. ಕೋಣೆಯ ಹಿನ್ನೆಲೆ ಗದ್ದಲ 10 ಡೆಸಿಬೆಲ್ ಇಳಿದರೆ, ಅದೇ ಮೆಲುಮಾತನ್ನು ಅಷ್ಟೇ ಸ್ಪಷ್ಟವಾಗಿ ಕೇಳಿಸಲು ಆಂಪ್ಲಿಫೈಯರ್ ಹತ್ತರಲ್ಲಿ ಒಂದು ಪಾಲು ಶಕ್ತಿ ಕೊಟ್ಟರೂ ನಡೆಯುತ್ತದೆ. ಗದ್ದಲದ ಹಾಲ್‌ನಲ್ಲಿ ದುಬಾರಿ ಸ್ಪೀಕರ್ ಮಾಡುವ ಕೆಲಸವನ್ನು ನಿಶ್ಶಬ್ದವಾದ ಕೋಣೆಯಲ್ಲಿ ಸಾಧಾರಣ ಸ್ಪೀಕರ್ ಮಾಡಿಬಿಡುತ್ತದೆ. ಕೈಯಲ್ಲಿ ದುಡ್ಡು ಕಡಿಮೆ ಇದ್ದವರು ಮೊದಲು ಗೋಡೆ, ಬಾಗಿಲು, ಸೂರಿನ ಕಡೆ ನೋಡಬೇಕು ಎನ್ನುವುದಕ್ಕೆ ಇದೇ ಕಾರಣ. ಸ್ಪೀಕರನ್ನು ಮೂರು ವರ್ಷ ಬಿಟ್ಟು ಬದಲಾಯಿಸಬಹುದು. ಸೂರಿಗೆ ಹೊಡೆದ ಬೋರ್ಡನ್ನು ಕಿತ್ತು ಮತ್ತೆ ಹೊಡೆಯುವವರು ಯಾರೂ ಇಲ್ಲ.

ಹೋಂ ಥಿಯೇಟರಿನ ಇಂಥ ಕೋಣೆಗೆ ನೆಲಮಾಳಿಗೆ ಹೇಳಿ ಮಾಡಿಸಿದ ಜಾಗ. ಮೂರು ಕಡೆ ಮಣ್ಣು, ಕೆಳಗೂ ಮಣ್ಣು. ಸದ್ದಿಗೆ ಅದಕ್ಕಿಂತ ದಪ್ಪ ಗೋಡೆ ಕಟ್ಟಲು ಯಾರಿಂದಲೂ ಆಗದು. ಬೆಳಕೂ ಬರುವುದಿಲ್ಲವಾದ್ದರಿಂದ ಪ್ರೊಜೆಕ್ಟರಿಗೆ ಅನುಕೂಲ. ಅಮೆರಿಕದ ಉತ್ತರ ಭಾಗದಲ್ಲಿ ಮನೆಯಡಿ ನೆಲಮಾಳಿಗೆ ಕಟ್ಟುವ ಪದ್ಧತಿ ಬೇರೂರಿದ್ದಕ್ಕೆ ಅಲ್ಲಿನ ಚಳಿ ಕಾರಣ. ಚಳಿಗಾಲದಲ್ಲಿ ನೆಲದೊಳಗಿನ ನೀರು ಹೆಪ್ಪುಗಟ್ಟಿ ಹಿಗ್ಗಿದರೆ ಅಡಿಪಾಯ ಎತ್ತಿಬಿಡುತ್ತದೆ. ಹಾಗಾಗಿ ಹಿಮ ಮುಟ್ಟದಷ್ಟು ಆಳಕ್ಕೆ ಅಡಿಪಾಯ ಇಳಿಸಬೇಕು. ಶಿಕಾಗೊ ಸುತ್ತಮುತ್ತ ಆ ಆಳ 42 ಇಂಚು. ಹೇಗೂ ಅಷ್ಟು ಅಗೆಯಬೇಕು, ಇನ್ನಷ್ಟು ಅಗೆದರೆ ಒಂದು ಅಂತಸ್ತೇ ಸಿಗುತ್ತದೆ ಎಂಬ ಲೆಕ್ಕದಲ್ಲಿ ಬೇಸ್‌ಮೆಂಟ್ ಬಂತು. ಚಳಿ ಅಷ್ಟಿಲ್ಲದ ಟೆಕ್ಸಾಸ್, ಕ್ಯಾಲಿಫೋರ್ನಿಯಾಗಳಲ್ಲಿ ನೆಲೆಸಿದ ಕನ್ನಡಿಗರ ಮನೆಗಳಿಗೆ ಬೇಸ್‌ಮೆಂಟ್ ಇರುವುದು ಅಪರೂಪ; ಮಿಶಿಗನ್, ಇಲಿನಾಯ್, ನ್ಯೂಜೆರ್ಸಿಯವರ ಮನೆಗಳಲ್ಲಿ ಮಾಮೂಲು.

ಬೆಂಗಳೂರಿನಲ್ಲಿ ನೆಲಮಾಳಿಗೆ ಹುಟ್ಟುವುದು ಇಳಿಜಾರಿನ ಸೈಟುಗಳಲ್ಲಿ. ಮುಂದೆ ರಸ್ತೆಯ ಮಟ್ಟ, ಹಿಂದೆ ಆರೇಳು ಅಡಿ ತಗ್ಗು ಇದ್ದರೆ ಮಣ್ಣು ತುಂಬಿಸುವ ಬದಲು ಮೇಸ್ತ್ರಿ ಒಂದು ಕೋಣೆ ತೆಗೆದುಕೊಡುತ್ತಾನೆ. ಹಳೆಯ ಸಾಮಾನು, ಕೆಟ್ಟ ಸೈಕಲ್ಲು ಸೇರುವ ಆ ಕೋಣೆಯೇ ಒಂದು ದಿನ ಚಿತ್ರಮಂದಿರದ ಕನಸು ಹುಟ್ಟಿಸುತ್ತದೆ. ಮಂಜೂರಾದ ನಕ್ಷೆಯಲ್ಲಿ ಅದು ವಾಹನ ನಿಲುಗಡೆಯ ಜಾಗವೆಂದು ಬರೆದಿದ್ದರೆ ಕನಸು ಅಲ್ಲಿಗೇ ನಿಲ್ಲಬೇಕು ಎಂಬುದನ್ನು ಮೊದಲೇ ನೋಡಿಕೊಳ್ಳುವುದು ಒಳ್ಳೆಯದು.

ಕನಸಿನ ಎರಡನೇ ಪರೀಕ್ಷೆ ನೀರು. ಮಣ್ಣಿಗೆ ತಾಗಿದ ಗೋಡೆ ಮಳೆಗಾಲದಲ್ಲಿ ನೀರು ಹೀರುತ್ತದೆ, ಬೇಸಿಗೆಯಲ್ಲಿ ಬಿಳಿ ಉಪ್ಪಿನ ಹುಡಿ ಉದುರಿಸುತ್ತದೆ. ಅಂಥ ಗೋಡೆಗೆ ಜಿಪ್ಸಂ ಬೋರ್ಡು ಹೊಡೆದು ಹಿಂದೆ ಕಲ್ಲಿನ ನೂಲಾದ ರಾಕ್‌ವುಲ್ ತುಂಬಿಸಿದರೆ ಎರಡು ಮಳೆಗಾಲದೊಳಗೆ ಕೋಣೆ ಬೂಸಲು ವಾಸನೆ ಹೊಡೆಯುತ್ತದೆ. ಒಂದು ಅಗ್ಗದ ಪರೀಕ್ಷೆ ಇದೆ. ಹದಿನೆಂಟು ಇಂಚು ಚೌಕದ ದಪ್ಪ ಪಾಲಿಥೀನ್ ಹಾಳೆಯನ್ನು ನೆಲಕ್ಕೂ ಗೋಡೆಗೂ ಇಟ್ಟು, ನಾಲ್ಕೂ ಅಂಚಿಗೆ ಟೇಪು ಬಿಗಿದು, ಕನಿಷ್ಠ 16 ಗಂಟೆ ಬಿಡಬೇಕು. ತೆಗೆದಾಗ ಹಾಳೆಯ ಒಳಮೈಯಲ್ಲಿ ಹನಿ ಕಂಡರೆ ಅಥವಾ ಕೆಳಗಿನ ಕಾಂಕ್ರೀಟು ಕಪ್ಪಾಗಿದ್ದರೆ ತೇವ ಗೋಡೆಯೊಳಗಿಂದಲೇ ಬರುತ್ತಿದೆ ಎಂದರ್ಥ. ಈ ಪರೀಕ್ಷೆಯನ್ನು ಮಾರ್ಚಿನಲ್ಲಿ ಮಾಡಿ ಸಮಾಧಾನಪಟ್ಟುಕೊಳ್ಳಬಾರದು, ಆಗಸ್ಟಿನಲ್ಲಿ ಮಾಡಬೇಕು. ನೀರಿನ ಸಂಪಿನ ಗೋಡೆ ಈ ಕೋಣೆಗೆ ತಾಗಿದ್ದರೆ ಮೊದಲು ಸಂಪನ್ನು ಒಳಗಿನಿಂದ ವಾಟರ್‌ಪ್ರೂಫ್ ಮಾಡಿಸಬೇಕು. 2022ರ ಸೆಪ್ಟೆಂಬರಿನ ಮಳೆಯಲ್ಲಿ ಬೆಳ್ಳಂದೂರು, ಹೊರವರ್ತುಲ ರಸ್ತೆಯ ಕಡೆ ನೆಲಮಾಳಿಗೆಗಳಿಗೆ ನೀರು ನುಗ್ಗಿದ್ದನ್ನು ನೋಡಿದ ಊರು ಇದು. ಪ್ರದೇಶ ತಗ್ಗಿನದಾಗಿದ್ದರೆ, ಹಣ ಎಷ್ಟೇ ಇರಲಿ, ಹೋಂ ಥಿಯೇಟರ್ ಮಹಡಿಗೆ ಹೋಗುವುದೇ ಸರಿ.

ಅಮೆರಿಕದಲ್ಲಿ ಇನ್ನೊಂದು ಪರೀಕ್ಷೆಯೂ ಬೇಕು. ಮಣ್ಣಿನಿಂದ ಒಸರಿ ಬರುವ ರೇಡಾನ್ ಅನಿಲ ಮುಚ್ಚಿದ ಬೇಸ್‌ಮೆಂಟಿನಲ್ಲಿ ಸೇರಿಕೊಳ್ಳುತ್ತದೆ. ಶ್ವಾಸಕೋಶದ ಕ್ಯಾನ್ಸರಿಗೆ ಅದು ಕಾರಣವಾಗಬಲ್ಲದು. ಪ್ರತಿ ಲೀಟರ್ ಗಾಳಿಗೆ 4 ಪಿಕೊಕ್ಯೂರಿ ಮುಟ್ಟಿದರೆ ಸರಿಪಡಿಸಿಕೊಳ್ಳಿ ಎಂದು ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ ಹೇಳುತ್ತದೆ. ಅಂಗಡಿಯಲ್ಲಿ ಸಿಗುವ ಕಿಟ್ ಇಟ್ಟು ನೋಡಿದ ಮೇಲೆಯೇ ಗೋಡೆಗೆ ಕೈಹಚ್ಚಬೇಕು.

ಇನ್ನು ಸದ್ದು. ಇಲ್ಲಿ ಅತಿ ಹೆಚ್ಚು ದುಡ್ಡು ಹಾಳಾಗುವುದು ಒಂದೇ ತಪ್ಪು ಎಣಿಕೆಯಿಂದ: ಸದ್ದನ್ನು ಹೀರುವ ವಸ್ತುವೇ ಸದ್ದನ್ನು ತಡೆಯುತ್ತದೆ ಎನ್ನುವುದು. ಮೊಟ್ಟೆ ಟ್ರೇ ಅಂಟಿಸಿದ ಗೋಡೆ, ಬಣ್ಣಬಣ್ಣದ ಫೋಮಿನ ಚೌಕಗಳು, ದಪ್ಪ ವೆಲ್ವೆಟ್ ಪರದೆ ಎಲ್ಲವೂ ಈ ಎಣಿಕೆಯ ಫಲ. ಒಂದಿಂಚು ಫೋಮಿನ ಮೂಲಕ ಬಾಯಿಯಿಂದ ಗಾಳಿ ಊದಿದರೆ ಅದು ಆಚೆ ಹೋಗುತ್ತದೆ. ಗಾಳಿ ಹೋದ ದಾರಿಯಲ್ಲಿ ಸದ್ದೂ ಹೋಗುತ್ತದೆ. ಫೋಮು ಮಾಡುವುದು ಬೇರೆಯೇ ಕೆಲಸ. ಗೋಡೆಗೆ ಬಡಿದು ಒಳಗೇ ಹಿಂತಿರುಗುವ ಸದ್ದನ್ನು ಅದು ತಗ್ಗಿಸುತ್ತದೆ, ಅದೂ ತೆಳುವಾಗಿದ್ದರೆ ಎತ್ತರದ ಸ್ವರಗಳನ್ನು ಮಾತ್ರ.

ಹೀರುವಿಕೆಯ ಲೆಕ್ಕ ಜಗತ್ತಿಗೆ ಗೊತ್ತಾದ ಬಗೆಯೂ ಸ್ವಾರಸ್ಯವಾಗಿದೆ. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಹೊಸದಾಗಿ ಕಟ್ಟಿದ ಫಾಗ್ ಕಲಾ ಸಂಗ್ರಹಾಲಯದ ಉಪನ್ಯಾಸ ಸಭಾಂಗಣದಲ್ಲಿ ಪಾಠ ಯಾರಿಗೂ ತಿಳಿಯುತ್ತಿರಲಿಲ್ಲ. ಆಡಿದ ಒಂದು ಮಾತು ಸುಮಾರು ಐದೂವರೆ ಸೆಕೆಂಡು ಕೋಣೆಯಲ್ಲೇ ಸುತ್ತುತ್ತಿತ್ತು; ಅಷ್ಟರಲ್ಲಿ ಮುಂದಿನ ಹತ್ತು ಮಾತು ಅದರ ಮೇಲೆ ಬೀಳುತ್ತಿದ್ದವು. ಸರಿಪಡಿಸುವ ಹೊಣೆ ಭೌತಶಾಸ್ತ್ರದ ಯುವ ಅಧ್ಯಾಪಕ ವಾಲೇಸ್ ಸಬೈನ್ ಅವರಿಗೆ ಬಂತು. ಅವರು ಹತ್ತಿರದ ಸ್ಯಾಂಡರ್ಸ್ ಥಿಯೇಟರಿನ ಆಸನಗಳ ಮೆತ್ತೆಗಳನ್ನು ರಾತ್ರಿ ಹೊತ್ತು ತರಿಸಿ, ಆರ್ಗನ್ನಿನ ಒಂದು ಕೊಳವೆ ಊದಿಸಿ, ಸದ್ದು ಅಡಗಲು ಎಷ್ಟು ಹೊತ್ತು ಬೇಕೆಂದು ಗಡಿಯಾರ ಹಿಡಿದು ಅಳೆದರು. ಒಂದಿಷ್ಟು ಮೆತ್ತೆ ಸೇರಿಸಿ ಮತ್ತೆ ಅಳತೆ, ಇನ್ನೊಂದಿಷ್ಟು ಸೇರಿಸಿ ಮತ್ತೆ ಅಳತೆ. ಬೆಳಗಾಗುವುದರೊಳಗೆ ಮೆತ್ತೆಗಳು ಸ್ವಸ್ಥಾನಕ್ಕೆ ಹೋಗಬೇಕಿತ್ತು. ಕೋಣೆಯ ಗಾತ್ರ ಹೆಚ್ಚಿದಷ್ಟೂ ಅನುರಣನ ಹೆಚ್ಚು, ಹೀರುವ ಮೇಲ್ಮೈ ಹೆಚ್ಚಿದಷ್ಟೂ ಕಡಿಮೆ ಎಂಬ ಅವರ ಸೂತ್ರ ಬಂದದ್ದು ಆ ಮೆತ್ತೆಗಳಿಂದ. 1900ರಲ್ಲಿ ತೆರೆದ ಬಾಸ್ಟನ್ ಸಿಂಫನಿ ಹಾಲ್ ಆ ಸೂತ್ರದ ಮೇಲೆ ನಿಂತಿದೆ. ಸಬೈನ್ ಮೆತ್ತೆಗಳಿಂದ ಒಳಗಿನ ಮಾತು ಸ್ಪಷ್ಟವಾಯಿತು. ಪಕ್ಕದ ಕೋಣೆಗೆ ಹೋಗುವ ಸದ್ದನ್ನು ಅವು ನಿಲ್ಲಿಸಲಿಲ್ಲ, ನಿಲ್ಲಿಸಬೇಕೆಂದು ಅವರು ತರಿಸಿದ್ದೂ ಅಲ್ಲ.

ನಿಲ್ಲಿಸುವ ಕೆಲಸ ಭಾರದ್ದು. ಭಾರವಾದ ಗೋಡೆಯನ್ನು ಅಲುಗಿಸಲು ಸದ್ದಿಗೆ ಶಕ್ತಿ ಸಾಲದು. ಎರಡೂ ಕಡೆ ಗಾರೆ ಮಾಡಿದ ಒಂಬತ್ತು ಇಂಚಿನ ಇಟ್ಟಿಗೆ ಗೋಡೆ ಚದರ ಮೀಟರಿಗೆ 400 ಕೆಜಿಯ ಮೇಲೆ ತೂಗುತ್ತದೆ. ಒಂದು ಪದರ ಜಿಪ್ಸಂ ಬೋರ್ಡು ಎಂಟೊಂಬತ್ತು ಕೆಜಿ. ಭಾರ ಇಮ್ಮಡಿಯಾದಾಗ ಸಿಗುವ ಹೆಚ್ಚಿನ ತಡೆ ಐದಾರು ಡೆಸಿಬೆಲ್ ಮಾತ್ರ. ಹಾಗಾಗಿ ಇರುವ ಇಟ್ಟಿಗೆ ಗೋಡೆಯ ಮೇಲೆ ಒಂದು ಬೋರ್ಡು ಅಂಟಿಸಿ ಪ್ರಯೋಜನವಿಲ್ಲ. ಹೊಸದಾಗಿ ಗೋಡೆ ಎಬ್ಬಿಸುವವರು ಈಗ ಎಲ್ಲೆಡೆ ಬಳಕೆಯಲ್ಲಿರುವ ಹಗುರ ಎಎಸಿ ಬ್ಲಾಕ್ ಬಿಟ್ಟು ಸಾಲಿಡ್ ಕಾಂಕ್ರೀಟ್ ಬ್ಲಾಕ್ ಕಟ್ಟಿಸಿದರೆ ಒಳ್ಳೆಯದು. ಎರಡೂ ಮೈಗೆ ಗಾರೆ ಮಾತ್ರ ತಪ್ಪಬಾರದು, ಏಕೆಂದರೆ ಬ್ಲಾಕುಗಳ ನಡುವಿನ ಸಣ್ಣ ಸಂದುಗಳನ್ನು ಮುಚ್ಚುವುದು ಗಾರೆಯೇ.

ಸಂದಿನ ಮಾತು ಬಂದಲ್ಲಿ ಸ್ವಲ್ಪ ನಿಲ್ಲಬೇಕು. ಗೋಡೆಯ ಮೇಲೆ ಲಕ್ಷ ಸುರಿದವರು ಸೋಲುವುದು ಇಲ್ಲಿಯೇ.

ಮೂರಡಿ ಅಗಲ, ಏಳಡಿ ಎತ್ತರದ ಬಾಗಿಲನ್ನು ತೆಗೆದುಕೊಳ್ಳೋಣ. ವಿಸ್ತೀರ್ಣ 21 ಚದರ ಅಡಿ. ಕೆಳಗೆ ಅರ್ಧ ಇಂಚು ಸಂದು ಇದೆ. ಹೊಸ ಮನೆಗಳ ಒಳಬಾಗಿಲಿಗೆ ಹೊಸ್ತಿಲು ಇಡುವ ರೂಢಿ ತಪ್ಪಿಹೋಗಿರುವುದರಿಂದ ಅಷ್ಟು ಸಂದು ಸಾಮಾನ್ಯ. ಆ ಸಂದಿನ ವಿಸ್ತೀರ್ಣ 18 ಚದರ ಇಂಚು, ಅಂದರೆ ಇಡೀ ಬಾಗಿಲಿನ ಶೇಕಡಾ 0.6. ಲೆಕ್ಕ ಹಾಕಿದರೆ ಬಾಗಿಲನ್ನು ತೇಗದಲ್ಲೇ ಮಾಡಿಸಲಿ, ಉಕ್ಕಿನಲ್ಲೇ ಮಾಡಿಸಲಿ, 22 ಡೆಸಿಬೆಲ್‌ಗಿಂತ ಹೆಚ್ಚು ತಡೆಯಲಾರದು. ಮೇಲಿನ ಆರ್‌ಸಿಸಿ ಚಪ್ಪಡಿ ಮಾತಿನ ಸದ್ದಿಗೆ 50 ಡೆಸಿಬೆಲ್ ಆಸುಪಾಸಿನ ತಡೆ ಒಡ್ಡಿ ನಿಂತಿರುವಾಗ ಬಾಗಿಲ ಕೆಳಗಿನ ಅರ್ಧ ಇಂಚು ಎಲ್ಲವನ್ನೂ ಹೊರಗೆ ಬಿಟ್ಟುಕೊಡುತ್ತದೆ.

ಪರಿಹಾರಕ್ಕೆ ಹೆಚ್ಚು ಹಣ ಬೇಡ. ಒಳಗೆ ಟೊಳ್ಳಿಲ್ಲದ ಘನವಾದ ಫ್ಲಷ್ ಡೋರ್, ಚೌಕಟ್ಟಿನ ಮೂರೂ ಕಡೆ ರಬ್ಬರ್ ಗ್ಯಾಸ್ಕೆಟ್, ಕೆಳಗೆ ಹಿಂದಿನವರ ಹಾಗೆ ಒಂದು ಹೊಸ್ತಿಲು. ಹೊಸ್ತಿಲು ಬೇಡವೆನ್ನುವವರಿಗೆ ಬಾಗಿಲು ಮುಚ್ಚಿದಾಗ ತಾನಾಗಿ ಕೆಳಗಿಳಿಯುವ ಡ್ರಾಪ್ ಸೀಲ್ ಸಿಗುತ್ತದೆ. ಚೌಕಟ್ಟು ಮತ್ತು ಗೋಡೆಯ ನಡುವಿನ ಟೊಳ್ಳಿಗೆ ಮೇಸ್ತ್ರಿ ಸಾಮಾನ್ಯವಾಗಿ ಇಟ್ಟಿಗೆಯ ಚೂರು ತುರುಕಿ ಮೇಲೆ ಗಾರೆ ಎಳೆದಿರುತ್ತಾನೆ. ಅದನ್ನು ಬಿಡಿಸಿ ಪೂರ್ತಿ ತುಂಬಿಸಿ ಅಂಚಿಗೆ ಸೀಲಂಟ್ ಹಾಕಬೇಕು. ಮೆಟ್ಟಿಲ ಬುಡದಲ್ಲಿ ಜಾಗವಿದ್ದರೆ ಎರಡು ಬಾಗಿಲು, ನಡುವೆ ಮೂರಡಿ ಅಂತರ. ಒಂದು ದುಬಾರಿ ಬಾಗಿಲಿಗಿಂತ ಎರಡು ಸಾಧಾರಣ ಬಾಗಿಲು ಮೇಲು.

ಉಳಿದ ತೂತುಗಳು ಕಣ್ಣಿಗೆ ಬೀಳುವುದಿಲ್ಲ. ಪಕ್ಕದ ಕೋಣೆಯ ಸ್ವಿಚ್ ಬಾಕ್ಸ್, ಈ ಕೋಣೆಯ ಸ್ವಿಚ್ ಬಾಕ್ಸ್ ಒಂದೇ ಕಡೆ ಬೆನ್ನಿಗೆ ಬೆನ್ನು ಹಚ್ಚಿ ಕೂತಿರುತ್ತವೆ. ನಡುವೆ ಇರುವುದು ತಗಡು ಮಾತ್ರ. ಎಸಿಯ ತಾಮ್ರದ ಕೊಳವೆಗೆಂದು ಕೊರೆದ ತೂತಿಗೆ ಬಿಳಿ ಪ್ಲಾಸ್ಟಿಕ್ ಮುಚ್ಚಳ ಹಾಕಿ ಕೆಲಸದವರು ಹೊರಟುಹೋಗುತ್ತಾರೆ. ಖಾಲಿ ಕಾಂಡ್ಯೂಟ್ ಪೈಪು ಮೇಲಿನ ಮಲಗುವ ಕೋಣೆಗೆ ನೇರ ಸದ್ದು ಸಾಗಿಸುತ್ತದೆ. ಕತ್ತಲೆಯಲ್ಲಿ ಒಬ್ಬರು ಒಳಗೆ ನಿಂತು, ಇನ್ನೊಬ್ಬರು ಹೊರಗಿನಿಂದ ಟಾರ್ಚು ಬಿಟ್ಟರೆ ನೇರವಾದ ಸಂದುಗಳಾದರೂ ಗೊತ್ತಾಗುತ್ತವೆ. ಒಣಗಿದ ಮೇಲೂ ಬಿರುಕು ಬಿಡದ, ಮೆತ್ತಗೇ ಉಳಿಯುವ ಅಕ್ರಿಲಿಕ್ ಅಥವಾ ಸಿಲಿಕಾನ್ ಸೀಲಂಟಿನ ಕೆಲವು ಟ್ಯೂಬುಗಳಷ್ಟು ಫಲ ಕೊಡುವ ಖರ್ಚು ಈ ಇಡೀ ಯೋಜನೆಯಲ್ಲಿ ಇನ್ನೊಂದಿಲ್ಲ.

ಸೂರಿನ ವಿಷಯದಲ್ಲಿ ಅಮೆರಿಕದ ಮನೆಯೂ ಬೆಂಗಳೂರಿನ ಮನೆಯೂ ಬೇರೆ ದಾರಿ ಹಿಡಿಯುತ್ತವೆ. ಅಲ್ಲಿ ನೆಲವೆಂದರೆ ಮರದ ತೊಲೆಗಳ ಮೇಲೆ ಹೊಡೆದ ಪ್ಲೈವುಡ್. ಹಗುರ, ಟೊಳ್ಳು, ಮೇಲೆ ಮಗು ಓಡಿದರೆ ಕೆಳಗೆ ಗುಡುಗು. ಅಲ್ಲಿ ಹಣವೆಲ್ಲ ಸೂರಿಗೇ ಹೋಗಬೇಕು: ತೊಲೆಗಳ ನಡುವೆ ಫೈಬರ್‌ಗ್ಲಾಸ್ ಅಥವಾ ಮಿನರಲ್ ವುಲ್, ತೊಲೆಗೆ ರಬ್ಬರಿನ ಕ್ಲಿಪ್ಪು, ಕ್ಲಿಪ್ಪಿಗೆ ಲೋಹದ ಚಾನೆಲ್, ಚಾನೆಲ್ಲಿಗೆ ಎರಡು ಪದರ ಬೋರ್ಡು, ಪದರಗಳ ನಡುವೆ ಕಂಪನವನ್ನು ಬಿಸಿಯಾಗಿ ಕರಗಿಸುವ ಅಂಟುಗಂಜಿ. ಗ್ರೀನ್ ಗ್ಲೂ ಹೆಸರಿನಲ್ಲಿ ಸಿಗುವ ಅಂಥ ಗಂಜಿಗೆ ನಾಲ್ಕಡಿ-ಎಂಟಡಿ ಬೋರ್ಡೊಂದಕ್ಕೆ ಎರಡು ಟ್ಯೂಬು ಬೇಕು. ಕ್ಲಿಪ್ಪಿನ ಉದ್ದೇಶ ಒಂದೇ, ಬೋರ್ಡು ತೊಲೆಯನ್ನು ನೇರವಾಗಿ ಮುಟ್ಟಬಾರದು. ಬಡಗಿ ಅವಸರದಲ್ಲಿ ಉದ್ದದ ಸ್ಕ್ರೂ ಹೊಡೆದು ಅದು ಚಾನೆಲ್ ದಾಟಿ ತೊಲೆಗೆ ಕಚ್ಚಿಕೊಂಡರೆ ಆ ಜಾಗದಲ್ಲಿ ಕ್ಲಿಪ್ಪಿನ ದುಡ್ಡು ದಂಡ.

ಬೆಂಗಳೂರಿನ ಐದಾರು ಇಂಚಿನ ಚಪ್ಪಡಿಗೆ ಇಷ್ಟೆಲ್ಲ ಬೇಕಿಲ್ಲ. ಗಾಳಿಯಲ್ಲಿ ಬರುವ ಸದ್ದನ್ನು ಅದೇ ತಡೆಯುತ್ತದೆ. ಮೇಲಿನವರು ಕುರ್ಚಿ ಎಳೆಯುವ, ಒರಳಲ್ಲಿ ಕುಟ್ಟುವ ಸದ್ದು ಮಾತ್ರ ಕಾಂಕ್ರೀಟಿನಲ್ಲೇ ಹರಿದು ಬರುತ್ತದೆ; ಅದನ್ನು ಕೆಳಗಿನಿಂದ ತಡೆಯುವುದಕ್ಕಿಂತ ಮೇಲೆ ಒಂದು ದಪ್ಪ ಜಮಖಾನ ಹಾಸಿ, ಕುರ್ಚಿ ಕಾಲಿಗೆ ರಬ್ಬರು ಹಾಕುವುದು ಸುಲಭ. ಆದರೂ ಹೋಂ ಥಿಯೇಟರ್ ಎಂದರೆ ಫಾಲ್ಸ್ ಸೀಲಿಂಗ್ ಇರಲೇಬೇಕು ಎಂಬ ಹಟದಿಂದ ಒಳವಿನ್ಯಾಸದವರು ಚಪ್ಪಡಿಯಿಂದ ನಾಲ್ಕಿಂಚು ಕೆಳಗೆ ಒಂದು ಪದರ ತೆಳು ಬೋರ್ಡು ತೂಗುಹಾಕಿ, ದೀಪಕ್ಕೆಂದು ಹತ್ತು ತೂತು ಕೊರೆಯುತ್ತಾರೆ. ತಡೆಯ ದೃಷ್ಟಿಯಿಂದ ಅದು ಶೂನ್ಯ. ಇನ್ನೂ ಕೆಟ್ಟದ್ದೆಂದರೆ ಹಳೆಯ ಪಿಒಪಿ ಸೂರನ್ನು ಹಾಗೇ ಬಿಟ್ಟು ಅದರ ಕೆಳಗೆ ಮತ್ತೊಂದು ಕಟ್ಟುವುದು. ಎರಡು ಪದರಗಳ ನಡುವೆ ಸಿಕ್ಕಿಬಿದ್ದ ಗಾಳಿ ಸ್ಪ್ರಿಂಗ್ ಆಗಿ ಕೆಲಸ ಮಾಡುತ್ತದೆ. ಪದರ ಮೂರಾಗಿ ಅಂತರಗಳು ಕಿರಿದಾದಷ್ಟೂ ಆ ಸ್ಪ್ರಿಂಗ್ ಬಿಗಿಯಾಗಿ ತಗ್ಗಿನ ಸ್ವರಗಳಿಗೆ ತಾನೂ ಕುಣಿಯುತ್ತದೆ. ಹೆಚ್ಚು ಖರ್ಚು ಮಾಡಿ ಕಡಿಮೆ ತಡೆ ಪಡೆಯುವ ಅಪರೂಪದ ಉದಾಹರಣೆ ಇದು. ಹಳೆಯದನ್ನು ಕಿತ್ತೇ ಹೊಸದನ್ನು ಕಟ್ಟಬೇಕು.

ತಗ್ಗಿನ ಸ್ವರದ ಬಗ್ಗೆ ಮುಚ್ಚುಮರೆಯಿಲ್ಲದೆ ಹೇಳಬೇಕಾದ ಮಾತೊಂದಿದೆ. ಬೋರ್ಡು, ಬಾಗಿಲು ಮಾರುವವರು ಸದ್ದಿನ ತಡೆಗೆಂದು ತೋರಿಸುವ ಎಸ್‌ಟಿಸಿ ಅಂಕಿಯ ಲೆಕ್ಕ ಶುರುವಾಗುವುದೇ 125 ಹರ್ಟ್ಸ್‌ನಿಂದ. ಸಬ್‌ವೂಫರ್ ಕೆಲಸ ಮಾಡುವುದು ಅದಕ್ಕಿಂತ ಕೆಳಗೆ. 30 ಹರ್ಟ್ಸ್‌ನ ಅಲೆ ಹನ್ನೊಂದು ಮೀಟರಿಗೂ ಉದ್ದ. ಅದನ್ನು ಮಧ್ಯಮ ವರ್ಗದ ಬಜೆಟ್ಟಿನಲ್ಲಿ ಪೂರ್ತಿ ಕಟ್ಟಿಹಾಕುವುದು ಆಗದ ಕೆಲಸ. ಮಾಡಬಹುದಾದದ್ದು, ಅಷ್ಟು ಜೋರಿನ ಅಗತ್ಯವೇ ಬೀಳದಂತೆ ನೋಡಿಕೊಳ್ಳುವುದು. ಸಬ್‌ವೂಫರನ್ನು ಕೂರುವ ಜಾಗದ ಹತ್ತಿರ ತಂದರೆ ಕಡಿಮೆ ಸದ್ದಿಗೇ ಎದೆಗೆ ತಾಗುತ್ತದೆ. ಸೋಫಾದ ಅಡಿಗೆ ಬಿಗಿಯುವ ಬಾಸ್ ಶೇಕರ್ ಎಂಬ ಪುಟ್ಟ ಯಂತ್ರ ಸದ್ದಿಲ್ಲದೆ ನಡುಕವನ್ನು ಮಾತ್ರ ಕೊಡುತ್ತದೆ. ರಾತ್ರಿ ಹತ್ತರ ಮೇಲೆ ರಿಸೀವರಿನ ನೈಟ್ ಮೋಡ್ ಹಾಕಿಕೊಳ್ಳುವುದರಲ್ಲಿ ಅವಮಾನವೇನೂ ಇಲ್ಲ. ಭಾರತದ 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ 45 ಡೆಸಿಬೆಲ್.

ಈಗ ಮುಚ್ಚಿದ ಕೋಣೆಯ ಗಾಳಿ. ಸಂದುಗಳನ್ನೆಲ್ಲ ಬಿಗಿದ ಮೇಲೆ ಒಳಗೆ ಐದು ಜನ ಎರಡೂವರೆ ಗಂಟೆ ಕೂರುತ್ತಾರೆ. ಕೂತ ಮನುಷ್ಯ ಸುಮಾರು 100 ವ್ಯಾಟ್ ಶಾಖ ಬಿಡುತ್ತಾನೆ. ಪ್ರೊಜೆಕ್ಟರ್, ರಿಸೀವರ್ ಸೇರಿದರೆ ಒಟ್ಟು ಒಂದು ಸಣ್ಣ ಹೀಟರಿನಷ್ಟು. ಎಸಿ ಶಾಖವನ್ನು ತೆಗೆಯುತ್ತದೆಯೇ ಹೊರತು ಹೊಸ ಗಾಳಿ ತರುವುದಿಲ್ಲ, ಸ್ಪ್ಲಿಟ್ ಎಸಿ ಒಳಗಿನ ಗಾಳಿಯನ್ನೇ ಸುತ್ತಿಸುತ್ತದೆ. ಮಧ್ಯಂತರದ ಹೊತ್ತಿಗೆ ತಲೆ ಭಾರ, ಆಕಳಿಕೆ. ಆದ್ದರಿಂದ ಗಾಳಿಗೆ ಎರಡು ದಾರಿ ಬಿಡಬೇಕು, ಒಂದು ಒಳಗೆ, ಒಂದು ಹೊರಗೆ. ಪ್ಲೈವುಡ್ಡಿನ ಉದ್ದ ಪೆಟ್ಟಿಗೆ ಮಾಡಿ, ಒಳಗೆ ಎರಡು ಮೂರು ಅಡ್ಡಗೋಡೆಗಳಿಟ್ಟು ಗಾಳಿ ಅಂಕುಡೊಂಕಾಗಿ ಹರಿಯುವಂತೆ ಮಾಡಿ, ಪೆಟ್ಟಿಗೆಯ ಒಳಮೈಗೆ ಮಿನರಲ್ ವುಲ್ ಹಚ್ಚಿ ಬಟ್ಟೆ ಹೊದಿಸಿದರೆ ಗಾಳಿ ಬರುತ್ತದೆ, ಸದ್ದು ತಿರುವುಗಳಲ್ಲಿ ಸೋಲುತ್ತದೆ. ನಿಧಾನಕ್ಕೆ ತಿರುಗುವ ದೊಡ್ಡ ಫ್ಯಾನು ಸಾಕು. ಬಡಗಿಗೆ ಒಂದು ಚಿತ್ರ ಬಿಡಿಸಿ ತೋರಿಸಿದರೆ ಒಂದೆರಡು ದಿನದ ಕೆಲಸ.

ಇನ್ನು ಸುರಕ್ಷತೆ. ಇಲ್ಲಿ ಉಳಿತಾಯದ ಮಾತು ಸಲ್ಲದು, ಏಕೆಂದರೆ ಇದು ಜೀವದ ವಿಷಯ. ಅಮೆರಿಕದ ಬೇಸ್‌ಮೆಂಟಿನಲ್ಲಿ ಗ್ಯಾಸಿನ ಫರ್ನೇಸ್, ನೀರು ಕಾಯಿಸುವ ಯಂತ್ರ ಇರುತ್ತವೆ. ಉರಿಯಲು ಅವಕ್ಕೆ ಬೇಕಾದ ಗಾಳಿಯ ದಾರಿಯನ್ನು ಸದ್ದಿನ ನೆಪದಲ್ಲಿ ಮುಚ್ಚಿದರೆ ಕಾರ್ಬನ್ ಮೊನಾಕ್ಸೈಡ್ ಹುಟ್ಟಬಹುದು. ಬೆಂಗಳೂರಿನ ಮನೆಗಳಲ್ಲಿ ಯುಪಿಎಸ್ ಬ್ಯಾಟರಿಯನ್ನು ನೆಲಮಾಳಿಗೆಯಲ್ಲಿ ಇಡುವುದುಂಟು. ಲೆಡ್ ಆಸಿಡ್ ಬ್ಯಾಟರಿ ಚಾರ್ಜ್ ಆಗುವಾಗ ಜಲಜನಕ ಬಿಡುವುದರಿಂದ ಅದನ್ನು ಮೊದಲು ಮೇಲಕ್ಕೆ ಸಾಗಿಸಬೇಕು. ಬೆಂಕಿ ಬಿದ್ದರೆ ಹೊರಬೀಳಲು ಮೆಟ್ಟಿಲಲ್ಲದೆ ಇನ್ನೊಂದು ದಾರಿ, ಕಿಟಕಿಯಾದರೂ ಸರಿ, ಇರಬೇಕು. ಗೋಡೆಗೆ ಅಂಟಿಸುವ ಅಗ್ಗದ ಫೋಮು ಹೊತ್ತಿಕೊಂಡರೆ ವಿಷದ ಹೊಗೆ ಉಗುಳುತ್ತದೆ. ರಾಕ್‌ವುಲ್ ಕಲ್ಲಿನ ನೂಲು, ಹೊತ್ತಿಕೊಳ್ಳುವುದಿಲ್ಲ. ಅದನ್ನು ಆರಿಸಲು ಈ ಒಂದು ಕಾರಣವೇ ಸಾಕು.

ಕೋಣೆ ಮುಚ್ಚಿಯಾಯಿತು. ಒಳಗಿನ ಸದ್ದನ್ನು ಹದಮಾಡುವಾಗ ಸಬೈನ್ ಮೆತ್ತೆಗಳಿಗೆ ಸರದಿ ಬರುತ್ತದೆ. ಉದ್ದ 18 ಅಡಿ, ಅಗಲ 12, ಎತ್ತರ 9 ಇರುವ ಕೋಣೆಯೊಂದನ್ನು ಇಟ್ಟುಕೊಂಡು ನೋಡಬಹುದು. ಎದುರುಬದುರು ಗೋಡೆಗಳ ನಡುವೆ ಅಲೆಯ ಅರ್ಧ ಉದ್ದ ಸರಿಯಾಗಿ ಕೂರುವ ಸ್ವರಕ್ಕೆ ಕೋಣೆ ತಾನೇ ದನಿಗೂಡಿಸುತ್ತದೆ. 18 ಅಡಿಗೆ ಅದು 31 ಹರ್ಟ್ಸ್, 12 ಅಡಿಗೆ 47, 9 ಅಡಿಗೆ 62. ಉದ್ದವು ಎತ್ತರದ ಸರಿಯಾಗಿ ಎರಡರಷ್ಟಿರುವುದರಿಂದ ಉದ್ದದ ಎರಡನೇ ಸ್ವರವೂ 62ಕ್ಕೇ ಬಂದು ಕೂರುತ್ತದೆ, ಎರಡು ಅನುನಾದ ಒಂದರ ಮೇಲೊಂದು. ಒಂದು ಆಸನದಲ್ಲಿ ಡೋಲು ಹೊಟ್ಟೆ ಕಲಕುತ್ತದೆ, ಪಕ್ಕದ ಆಸನದಲ್ಲಿ ಕೇಳುವುದೇ ಇಲ್ಲ. ಪರದೆಯ ಹಿಂದೆ, ಗೋಡೆಯಿಂದ ಒಂದೂವರೆ ಅಡಿ ಮುಂದಕ್ಕೆ ಗಟ್ಟಿ ಅಡ್ಡಗೋಡೆ ತಂದರೆ ಉದ್ದದ ಸ್ವರಗಳು ಪಕ್ಕಕ್ಕೆ ಸರಿಯುತ್ತವೆ. ಚೌಕಾಕಾರದ ಕೋಣೆ ಎಲ್ಲಕ್ಕಿಂತ ಕೆಟ್ಟದು.

ಸಬ್‌ವೂಫರ್ ಎಲ್ಲಿಡಬೇಕು ಎನ್ನುವುದಕ್ಕೆ ಹಳೆಯ ಉಪಾಯವೊಂದು ಈಗಲೂ ನಡೆಯುತ್ತದೆ. ಅದನ್ನು ಎತ್ತಿ ಸೋಫಾದ ಮೇಲೆ, ಕೇಳುವವರು ಕೂರುವ ಜಾಗದಲ್ಲೇ ಇಟ್ಟು, ಮಂದ್ರದ ತುಂಬು ಸಂಗೀತ ಹಚ್ಚಿ, ಕೇಳುವವರು ಗೋಡೆಯ ಬುಡದಲ್ಲಿ ಅಂಬೆಗಾಲಿಟ್ಟು ಸುತ್ತಬೇಕು. ಕೆಲವು ಮೂಲೆಗಳಲ್ಲಿ ಸದ್ದು ಉಬ್ಬುತ್ತದೆ, ಕೆಲವೆಡೆ ಮಾಯವಾಗುತ್ತದೆ; ಪ್ರತಿ ಸ್ವರವೂ ಒಂದೇ ಸಮನಾಗಿ ಕೇಳುವ ಜಾಗವೇ ಅದರ ಜಾಗ. ಒಂದು ದೊಡ್ಡದರ ಬದಲು ಎರಡು ಸಣ್ಣದು ಕೊಂಡರೆ ಇನ್ನೂ ಒಳ್ಳೆಯದು. ಹರ್ಮನ್ ಕಂಪನಿಯ ಟಾಡ್ ವೆಲ್ಟಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎದುರುಬದುರು ಗೋಡೆಗಳ ನಡುಭಾಗದಲ್ಲಿಟ್ಟ ಎರಡು ಸಬ್‌ವೂಫರುಗಳಿಂದ ಆಸನ ಆಸನಕ್ಕೂ ಇರುವ ವ್ಯತ್ಯಾಸ ಬಹಳಷ್ಟು ಅಳಿಯುತ್ತದೆ ಎಂದು ತೋರಿಸಿದರು. ಸೋಫಾವನ್ನು ಹಿಂದಿನ ಗೋಡೆಗೆ ಆನಿಸಿ ಇಡಬಾರದು, ಅಲ್ಲಿ ಮಂದ್ರವೆಲ್ಲ ರಾಶಿ ಬೀಳುತ್ತದೆ.

ಹೀರುವ ಫಲಕಗಳನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ನಾಲ್ಕಿಂಚು ಆಳದ ಮರದ ಚೌಕಟ್ಟು, ಒಳಗೆ ಘನ ಮೀಟರಿಗೆ 48ರಿಂದ 60 ಕೆಜಿ ಸಾಂದ್ರತೆಯ ರಾಕ್‌ವುಲ್, ಮೇಲೆ ಬಟ್ಟೆ. ಬಟ್ಟೆಗೆ ಬಾಯಿಟ್ಟು ಊದಿದರೆ ಉಸಿರು ಆಚೆ ಹೋಗಬೇಕು. ಕೈಮಗ್ಗದ ಹತ್ತಿ ಬಟ್ಟೆ ಈ ಪರೀಕ್ಷೆಯಲ್ಲಿ ಗೆಲ್ಲುತ್ತದೆ, ರೆಕ್ಸಿನ್ ಸೋಲುತ್ತದೆ. ರಾಕ್‌ವುಲ್ ಮುಟ್ಟುವಾಗ ಮಾಸ್ಕು, ಕೈಗವಸು ಬೇಕು. ಹಿಂದೆ ಮುಂದೆ ತೆಳು ಬಟ್ಟೆ ಸುತ್ತಿದರೆ ನೂಲು ಉದುರುವುದಿಲ್ಲ. ಎಲ್ಲಿ ನೇತುಹಾಕಬೇಕೆಂದು ತಿಳಿಯಲು ಒಬ್ಬರು ಸೋಫಾದಲ್ಲಿ ಕೂತು, ಇನ್ನೊಬ್ಬರು ಪಕ್ಕದ ಗೋಡೆಯ ಮೇಲೆ ಕನ್ನಡಿ ಜಾರಿಸುತ್ತ ಹೋದರಾಯಿತು. ಕನ್ನಡಿಯಲ್ಲಿ ಎಲ್ಲಿ ಸ್ಪೀಕರ್ ಕಾಣುತ್ತದೋ ಅಲ್ಲೊಂದು ಫಲಕ. ಇಡೀ ಗೋಡೆ ಮುಚ್ಚುವುದು ಬೇಡ, ಕೋಣೆ ಸತ್ತಂತಾಗುತ್ತದೆ. ಹಿಂಗೋಡೆಗೆ ಪುಸ್ತಕದ ಕಪಾಟು ಚೆನ್ನ.

ಪರದೆಯ ಗಾತ್ರವನ್ನು ಕೋಣೆ ನಿರ್ಧರಿಸುತ್ತದೆ. 100 ಇಂಚಿನ ಪರದೆಯ ಅಗಲ 2.2 ಮೀಟರ್. ಅದು ಕಣ್ಣಿಗೆ 40 ಡಿಗ್ರಿ ತುಂಬಬೇಕಾದರೆ 3 ಮೀಟರ್ ದೂರ ಕೂರಬೇಕು, 30 ಡಿಗ್ರಿ ಸಾಕೆಂದರೆ 4 ಮೀಟರ್. ನಮ್ಮ 18 ಅಡಿಯ ಕೋಣೆಗೆ ಅದು ಹೇಳಿ ಹೊಲಿಸಿದ ಅಳತೆ. ಪರದೆಯ ಸುತ್ತಲ ಗೋಡೆಗೂ ಸೂರಿಗೂ ಹೊಳಪಿಲ್ಲದ ಕಡುಬಣ್ಣ ಬಳಿದರೆ ಅಗ್ಗದ ಪ್ರೊಜೆಕ್ಟರಿನ ಕಪ್ಪು ಕೂಡ ಕಪ್ಪಾಗಿ ಕಾಣುತ್ತದೆ. ಬಿಳಿ ಸೂರು ಇದ್ದರೆ ಬೆಳಕು ಹಿಂತಿರುಗಿ ಲಕ್ಷದ ಪ್ರೊಜೆಕ್ಟರೂ ಮಸುಕು. ಸ್ಪೀಕರ್ ಐದು, ಸಬ್‌ವೂಫರ್ ಒಂದರ 5.1ರಿಂದ ಶುರುಮಾಡಿ, ಡಾಲ್ಬಿ ಆಟ್ಮೋಸಿನ ತಲೆಮೇಲಿನ ಸ್ಪೀಕರುಗಳಿಗೆ ಈಗ ತಂತಿ ಮಾತ್ರ ಎಳೆದಿಟ್ಟರೆ ಸಾಕು. ಎಚ್‌ಡಿಎಂಐಗೆ ಇಡುವ ಪೈಪು ಪ್ಲಗ್ಗಿನ ತಲೆ ತೂರುವಷ್ಟು ಅಗಲವಿರಲಿ.

ಐದು ಲಕ್ಷ ಇಟ್ಟುಕೊಂಡವರಿಗೆ, ವಾಟರ್‌ಪ್ರೂಫಿಂಗ್ ಬೇರೆ ಲೆಕ್ಕವೆಂದುಕೊಂಡರೆ, ಒಂದೂವರೆ ಲಕ್ಷ ಬಾಗಿಲು, ಗೋಡೆ, ಸೀಲಂಟ್, ವೈರಿಂಗಿಗೆ, ಐವತ್ತು ಸಾವಿರ ಎಸಿ, ಗಾಳಿಪೆಟ್ಟಿಗೆಗೆ, ನಲವತ್ತು ಸಾವಿರ ಫಲಕ, ಜಮಖಾನಕ್ಕೆ, ಎಪ್ಪತ್ತೈದು ಸಾವಿರ ಪ್ರೊಜೆಕ್ಟರಿಗೆ, ಒಂದೂವರೆ ಲಕ್ಷ ರಿಸೀವರ್, ಸ್ಪೀಕರುಗಳಿಗೆ ಎಂದು ಹಂಚುವುದು ಸರಿಯೆನಿಸುತ್ತದೆ. ಹಿಂದಿನ ವರ್ಷದ ರಿಸೀವರ್, ಸೆಕೆಂಡ್‌ಹ್ಯಾಂಡ್ ಸ್ಪೀಕರ್ ತೆಗೆದುಕೊಂಡರೆ ಅಲ್ಲೂ ಉಳಿಯುತ್ತದೆ. ಮಿಕ್ಕಿದ್ದರಲ್ಲಿ ಮನೆಯ ಹಳೆಯ ಸೋಫಾಕ್ಕೆ ಹೊಸ ಬಟ್ಟೆ ಹೊಲಿಸಬಹುದು. ಒರಗು ಕುರ್ಚಿ, ನಕ್ಷತ್ರ ಮಿನುಗುವ ಸೂರು ಮುಂದಿನ ವರ್ಷ ನೋಡಿದರಾಯಿತು.

ಪೇಂಟರನ್ನು ಕರೆಸುವ ಮುಂಚೆ ಒಂದು ಸಂಜೆಯನ್ನು ಪರೀಕ್ಷೆಗೆಂದೇ ತೆಗೆದಿಡಬೇಕು. ಎರವಲು ತಂದದ್ದಾದರೂ ಸರಿ, ಒಂದು ಸ್ಪೀಕರ್ ಒಳಗಿಟ್ಟು ಒಂದೇ ಸಮನೆ ಸೋ ಎನ್ನುವ ಸದ್ದು ಹಚ್ಚಿ, ಬಾಗಿಲು ಹಾಕಿಕೊಂಡು ಮಹಡಿಗೆ ಹೋಗಬೇಕು. ಫೋನಿನ ಡೆಸಿಬೆಲ್ ಆ್ಯಪ್ ತೋರಿಸುವ ಅಂಕಿ ಪೂರ್ತಿ ನಿಖರವಲ್ಲದಿದ್ದರೂ ಒಳಗೂ ಹೊರಗೂ ಇರುವ ವ್ಯತ್ಯಾಸ ತಿಳಿಯಲು ಸಾಕು. ಮಲಗುವ ಕೋಣೆ, ಮೆಟ್ಟಿಲು, ಕಾಂಪೌಂಡ್ ಗೋಡೆ, ಪಕ್ಕದ ಮನೆಯವರು ಒಪ್ಪಿದರೆ ಅವರ ಹಾಲ್, ಎಲ್ಲ ಕಡೆಯ ಅಂಕಿ ಬರೆದುಕೊಳ್ಳಬೇಕು. ಆಮೇಲೆ ಕೋಣೆಯ ಹೊರಗೋಡೆಗೆ ಕಿವಿ ಹಚ್ಚಿ, ಸದ್ದು ಎಲ್ಲಿ ಚುರುಕಾಗಿ ಕೇಳುತ್ತದೋ ಅಲ್ಲಿ ಸೀಮೆಸುಣ್ಣದ ಗುರುತು ಹಾಕುತ್ತ ಬಂದರೆ ಬಹುಪಾಲು ಗುರುತುಗಳು ಚೌಕಟ್ಟಿನ ಮೇಲ್ಮೂಲೆ, ಎಸಿಯ ಕೊಳವೆ, ಸ್ವಿಚ್ ಬಾಕ್ಸುಗಳ ಸುತ್ತ ಬೀಳುತ್ತವೆ. ಮರುದಿನ ಸೀಲಂಟ್ ಗನ್ ಹಿಡಿದು ಆ ಗುರುತುಗಳನ್ನು ಒಂದೊಂದಾಗಿ ಮುಚ್ಚಿ, ಒಣಗಲು ಬಿಟ್ಟು, ಅದೇ ಸದ್ದನ್ನು ಅದೇ ಜೋರಿನಲ್ಲಿ ಹಚ್ಚಿ ಮತ್ತೊಮ್ಮೆ ಅಳೆದು ನೋಡಬೇಕು.